ಅವಲಕ್ಕಿ ಇಲ್ಲದ ಬೆಟ್ಟದ ಬುತ್ತಿ

ಶನಿವಾರ ಸಂಜೆ ಅಂಗಡಿಗೆ ಬಂದು "ಅಣ್ಣಾ, ನಾಳೆ ರಾಣಿಪುರಂ ಬೆಟ್ಟಕ್ಕೆ, ಬೇಗ ಕಟ್ಟಿಕೊಡಿ" ಎನ್ನುವ ಹುಡುಗರ ಪಟ್ಟಿ ನನಗೆ ಬಾಯಿಪಾಠ: ಅವಲಕ್ಕಿ, ಬಾಳೆಕಾಯಿ ಚಿಪ್ಸ್, ಬಿಸ್ಕತ್ತು, ನೂಡಲ್ಸ್, ಹಲಸಿನ ಹಪ್ಪಳ. ಕಾಸರಗೋಡಿನ ಬದಿಯಡ್ಕದಲ್ಲಿ ದಿನಸಿ ಅಂಗಡಿ ಇಟ್ಟವನು ನಾನು. ಕೇಳಿದ್ದನ್ನು ತೂಗಿ ಕೊಡುತ್ತೇನೆ. ನನ್ನ ಸ್ವಂತ ಚೀಲಕ್ಕೆ ಮಾತ್ರ ಅವುಗಳಲ್ಲಿ ಒಂದೂ ಹೋಗುವುದಿಲ್ಲ. ರಕ್ತದ ಸಕ್ಕರೆ ಕಾಯಿಲೆಯ ಗಡಿ ಮುಟ್ಟಿದೆ ಎಂದು ವೈದ್ಯರು ಹೇಳಿದ ಮೇಲೆ ಅನ್ನ ಕಡಿಮೆ ಮಾಡಿದೆ, ಬೆಟ್ಟ ಹತ್ತುವುದನ್ನು ಬಿಡಲಿಲ್ಲ. ಹಾಗಾಗಿ ಬುತ್ತಿ ಬದಲಾಗಲೇಬೇಕಾಯಿತು: ಪಿಷ್ಟ, ಸಕ್ಕರೆ ಕಡಿಮೆ; ಕೊಬ್ಬು, ಪ್ರೋಟೀನ್ ಹೆಚ್ಚು.

ಬದಲಾಯಿಸಿದ ಮೇಲೆ ತಿಳಿದದ್ದು, ಹೆಗಲಿಗೂ ಇದರಿಂದ ಲಾಭವೇ. ತಕ್ಕಡಿಯವನ ಲೆಕ್ಕ ಕೇಳಿ. 100 ಗ್ರಾಂ ಅವಲಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ. ಅಷ್ಟೇ ತೂಕದ ಕೊಬ್ಬರಿಯಲ್ಲಿ 650ಕ್ಕೂ ಹೆಚ್ಚು, ನೆಲಗಡಲೆಯಲ್ಲಿ 560ರಷ್ಟು. ಅಕ್ಕಿ, ಗೋಧಿಯಲ್ಲಿರುವ ಪಿಷ್ಟ ಗ್ರಾಮಿಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ, ಅಷ್ಟೇ ಗುಟ್ಟು. ದಿನಕ್ಕೆ 2,700 ಕ್ಯಾಲೊರಿ ಬೇಕೆಂದು ಇಟ್ಟುಕೊಂಡರೆ ಅವಲಕ್ಕಿ ಮುಕ್ಕಾಲು ಕಿಲೊ ದಾಟುತ್ತದೆ, ಕೊಬ್ಬರಿ–ನೆಲಗಡಲೆಯಾದರೆ ಅರ್ಧ ಕಿಲೊ ಸಾಕು. ಕುಮಾರಪರ್ವತಕ್ಕೆ ಎರಡು ದಿನದ ಬುತ್ತಿ ಹೊತ್ತವರಿಗೆ ಈ ವ್ಯತ್ಯಾಸ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಪೊಸಡಿಗುಂಪೆಯಂತಹ ಸಾವಿರ ಅಡಿಯ ಗುಡ್ಡಕ್ಕಾದರೆ ಈ ಲೆಕ್ಕವೇ ಬೇಡ. ಬೆಳಗ್ಗೆ ಎರಡು ಮೊಟ್ಟೆ ತಿಂದು, ನೀರು ಹಿಡಿದುಕೊಂಡು ಹೋಗಿ ಬನ್ನಿ.

ನನ್ನ ಚೀಲದ ಮುಖ್ಯ ಸಾಮಾನು ಚಟ್ನಿಪುಡಿ. ಕೊಬ್ಬರಿ 200 ಗ್ರಾಂ, ನೆಲಗಡಲೆ 150, ಎಳ್ಳು 50, ಹತ್ತು ಹನ್ನೆರಡು ಬ್ಯಾಡಗಿ ಮೆಣಸು, ಒಂದು ಹಿಡಿ ಕರಿಬೇವು, ನಾಲ್ಕೈದು ಒಣ ಪುನರ್ಪುಳಿ (ಕೋಕಂ) ಸಿಪ್ಪೆ, ಉಪ್ಪು. ಊರಲ್ಲಿ ಇದಕ್ಕೆ ಬೆಲ್ಲದ ಚೂರು, ಬೇಳೆ ಸೇರಿಸುವವರಿದ್ದಾರೆ. ಇಲ್ಲಿ ಎರಡೂ ಬೇಡ. ಒಂದೊಂದನ್ನೂ ಬೇರೆ ಬೇರೆಯಾಗಿ, ಸಣ್ಣ ಉರಿಯಲ್ಲಿ ಹುರಿಯಿರಿ. ಕೊಬ್ಬರಿ ತುರಿ ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗಬೇಕು. ಮೆತ್ತಗಿದ್ದರೆ ಒಳಗೆ ನೀರಿದೆ ಎಂದರ್ಥ, ಮತ್ತೆ ಬಾಣಲೆಗೆ ಹಾಕಿ. ಹುರಿದದ್ದನ್ನೆಲ್ಲ ಅಗಲವಾದ ತಟ್ಟೆಯಲ್ಲಿ ಹರಡಿ ಪೂರ್ತಿ ತಣಿಸಿ. ಬಿಸಿಬಿಸಿಯಾಗಿ ಮಿಕ್ಸಿಗೆ ಹಾಕಿದರೆ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಮಿಕ್ಸಿಯನ್ನು ಒಂದೇ ಸಮನೆ ಓಡಿಸದೆ, ತಿರುಗಿಸಿ ನಿಲ್ಲಿಸಿ, ತಿರುಗಿಸಿ ನಿಲ್ಲಿಸಿ ತರಿತರಿಯಾಗಿ ಮಾಡಿಕೊಳ್ಳಿ. ಈ ಪುಡಿಯಲ್ಲಿ 100 ಗ್ರಾಮಿಗೆ ಸುಮಾರು 600 ಕ್ಯಾಲೊರಿ; ನಾರು ಕಳೆದರೆ ಪಿಷ್ಟ, ಸಕ್ಕರೆ ಸೇರಿ 10 ಗ್ರಾಮಿನ ಒಳಗೆ. ಹಸಿ ತೆಂಗಿನಕಾಯಿಯ ಚಟ್ನಿ ಮಾತ್ರ ಒಯ್ಯಬೇಡಿ. ನಮ್ಮ ಸೆಖೆಗೆ ಅದು ಮಧ್ಯಾಹ್ನದ ಹೊತ್ತಿಗೆ ಹಳಸಿರುತ್ತದೆ.

ಪುಡಿಯನ್ನೇ ಬುಕ್ಕುವುದು ಕಷ್ಟ, ಜೊತೆಗೆ ಏನಾದರೂ ಬೇಕು. ಮೊದಲ ದಿನಕ್ಕೆ ಬೇಯಿಸಿದ ಮೊಟ್ಟೆ, ಸಿಪ್ಪೆ ಸಮೇತ. ಹೊರಡುವ ಬೆಳಗ್ಗೆಯೇ ಬೇಯಿಸಿ, ಊಟದ ಹೊತ್ತಿನೊಳಗೆ ತಿಂದು ಮುಗಿಸಿ. ಮುಳ್ಳುಸೌತೆ ಭಾರವೇನೋ ಹೌದು, ಆದರೆ ಆ ಭಾರ ನೀರಿನದು. ಹೋಳಿಗೆ ಪುಡಿ ಅದ್ದಿ ತಿಂದರೆ ಬಾಯಾರಿಕೆಯೂ ಆರುತ್ತದೆ. ಮೊಟ್ಟೆ ಮುಟ್ಟದವರು ಸೋಯಾ ಚಂಕ್ಸನ್ನು ಬಿಸಿನೀರಲ್ಲಿ ನೆನೆಸಿ, ಗಟ್ಟಿಯಾಗಿ ಹಿಂಡಿ, ತೆಂಗಿನೆಣ್ಣೆಯಲ್ಲಿ ಕಾಳುಮೆಣಸಿನ ಪುಡಿ, ಉಪ್ಪಿನೊಡನೆ ಗರಿಯಾಗುವವರೆಗೆ ಹುರಿದುಕೊಳ್ಳಬಹುದು. ಒಣ ಸೋಯಾದ ತೂಕದಲ್ಲಿ ಅರ್ಧದಷ್ಟು ಪ್ರೋಟೀನೇ.

ಮೀನು ತಿನ್ನುವವರ ಅದೃಷ್ಟವೇ ಬೇರೆ. ಒಣ ಸಿಗಡಿಯ ತಲೆ, ಬಾಲ ಮುರಿದು, ಮರಳು ಹೋಗುವಂತೆ ಜಾಲಿಸಿ, ಬರೀ ಬಾಣಲೆಯಲ್ಲಿ ಪಟಪಟ ಮುರಿಯುವಷ್ಟು ಹುರಿದು, ಮೇಲಿನ ಪುಡಿಗೇ ಬೆರೆಸಿ ಕುಟ್ಟಿದರೆ ಆಯಿತು. ತೂಕವಿಲ್ಲ, ಉಪ್ಪೂ ಅದರಲ್ಲೇ ಇದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲೇ ಒಯ್ಯಿರಿ, ಇಲ್ಲವಾದರೆ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ.

ಇನ್ನು ಮೋಸಹೋಗುವ ಜಾಗಗಳು. ಗೇರುಬೀಜ ನಮ್ಮೂರಿನದೇ, ನಾನೂ ಮಾರುತ್ತೇನೆ. ಆದರೆ 100 ಗ್ರಾಮಿನಲ್ಲಿ 30 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ನಾರು ತೀರಾ ಕಡಿಮೆ; ಬಾದಾಮಿ, ನೆಲಗಡಲೆ, ಕುಂಬಳ ಬೀಜ ವಾಸಿ. ಹುರಿಗಡಲೆಯನ್ನು ಪ್ರೋಟೀನ್ ಎಂದುಕೊಂಡು ಚೀಲ ತುಂಬಿಸುವವರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾರ್ಬೋಹೈಡ್ರೇಟೇ ಎಂಬುದನ್ನು ಮರೆಯುತ್ತಾರೆ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ನಮ್ಮ ಕಾಸರಗೋಡಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ ತೆಂಗಿನಕಾಯಿ ಚಿಪ್ಸ್ ಮಾಡುವ ಒಳ್ಳೆಯ ವಿಧಾನ ರೂಪಿಸಿದೆ, ಮಕ್ಕಳಿಗೆ ಧಾರಾಳವಾಗಿ ಕೊಡಿ. ಆದರೆ ಸಿಹಿ ಚಿಪ್ಸಿನ ಹೋಳುಗಳನ್ನು ಒಣಗಿಸುವ ಮೊದಲು ಸಕ್ಕರೆ ಪಾಕದಲ್ಲಿ ನೆನೆಸಿರುತ್ತಾರೆ. ನಮಗೆ ಉಪ್ಪುನೀರಲ್ಲಿ ಅದ್ದಿ ಒಣಗಿಸಿದ ತೆಳು ಹೋಳು ಸಾಕು, ಮನೆಯಲ್ಲೇ ಆಗುತ್ತದೆ. ತೆಂಗಿನ ಹಾಲಿನ ಪುಡಿಯ ಪ್ಯಾಕೆಟಿನ ಹಿಂಬದಿ ಓದಿ. ಮಾಲ್ಟೋಡೆಕ್ಸ್‌ಟ್ರಿನ್ ಎಂದಿದ್ದರೆ ಅದೂ ಪಿಷ್ಟದಿಂದ ಬಂದದ್ದೇ. "ಕೀಟೋ" (ಪಿಷ್ಟ ತೀರಾ ಕಡಿಮೆ ಎಂಬ ಅರ್ಥದಲ್ಲಿ) ಎಂದು ಬರೆದ ಬಾರ್‌ಗಳ ಬೆಲೆ ನೋಡಿದರೆ ವ್ಯಾಪಾರಿಯಾದ ನನಗೇ ನಾಚಿಕೆಯಾಗುತ್ತದೆ, ತರಿಸುವುದನ್ನೇ ನಿಲ್ಲಿಸಿದ್ದೇನೆ.

ಕಾಡಿನೊಳಗೆ ಬೆಂಕಿ ಹಚ್ಚುವಂತಿಲ್ಲ, ಕಾನೂನೇ ಬಿಡುವುದಿಲ್ಲ. ಹಾಗಾಗಿ ಬಿಸಿ ಊಟ ಹೋಮ್‌ಸ್ಟೇ ಅಥವಾ ತೋಟದಲ್ಲಿ ಡೇರೆ ಹಾಕಿದಾಗ ಮಾತ್ರ. ಒಣಗಿಸಿದ ನುಗ್ಗೆಸೊಪ್ಪು, ಹುರಿದ ಒಣ ಸಿಗಡಿ ಅಥವಾ ಸೋಯಾ, ಎರಡು ಚಮಚ ಚಟ್ನಿಪುಡಿ, ನೀರು. ಹತ್ತು ನಿಮಿಷ ಕುದಿಸಿ ಮೇಲೆ ತುಪ್ಪ ಹಾಕಿ. ತೆಂಗಿನೆಣ್ಣೆ ಒಯ್ಯುವುದಾದರೆ ಅಗಲ ಬಾಯಿಯ ಡಬ್ಬಿ ಇರಲಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಬೆಟ್ಟದ ಮೇಲೆ ಬೆಳಗಿನ ಜಾವ ಬಾಟಲಿ ತಲೆಕೆಳಗೆ ಹಿಡಿದರೂ ತೊಟ್ಟು ಬೀಳುವುದಿಲ್ಲ.

ಉಪ್ಪಿನ ವಿಷಯದಲ್ಲಿ ಜಿಪುಣತನ ಬೇಡ. ಪಿಷ್ಟ ಕಡಿಮೆ ಮಾಡಿದಾಗ ದೇಹ ನೀರನ್ನೂ ಉಪ್ಪನ್ನೂ ಹೊರಹಾಕುತ್ತದೆ, ಮೇಲಿಂದ ಬೆವರು. ತಲೆನೋವು ಬಂದರೆ, ಮೀನಖಂಡ ಹಿಡಿದುಕೊಂಡರೆ ಬಹಳ ಸಲ ಕಾರಣ ಇದೇ. ಒಣ ಪುನರ್ಪುಳಿ ಸಿಪ್ಪೆಯನ್ನು ನೀರಿನ ಬಾಟಲಿಗೆ ಹಾಕಿ ಚಿಟಿಕೆ ಉಪ್ಪು ಸೇರಿಸಿಡಿ. ಸಕ್ಕರೆ ಇಲ್ಲದೆಯೂ ಕುಡಿಯಲು ಹಿತ. ರಕ್ತದೊತ್ತಡ ಇರುವವರು ಉಪ್ಪು ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಿ. ಮಳೆಗಾಲವಾದರೆ ಕಾಲಿಗೆ ಹತ್ತುವ ಉಂಬಳ ಬಿಡಿಸಲೂ ಉಪ್ಪು ಬೇಕು, ಅದನ್ನು ಬೇರೆ ಕಟ್ಟಿಕೊಳ್ಳಿ.

ಈ ಊಟವನ್ನು ಬೆಟ್ಟದ ದಿನವೇ ಶುರು ಮಾಡಬೇಡಿ. ಎರಡು ಮೂರು ವಾರ ಮೊದಲೇ ಮನೆಯಲ್ಲಿ ರೂಢಿಯಾಗಲಿ. ಕಡಿದಾದ ಏರಿನಲ್ಲಿ ಓಡಿದರೆ ದೇಹ ಕೇಳುವುದು ಸಕ್ಕರೆಯನ್ನೇ. ಮಾತಾಡುತ್ತಾ ನಡೆಯುವಷ್ಟು ನಿಧಾನವಾಗಿ ಹತ್ತಿದರೆ ಕೊಬ್ಬು ಉರಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಸಕ್ಕರೆ ಇಳಿಸುವ ಮಾತ್ರೆ ನುಂಗುವವರು ಮೊದಲು ವೈದ್ಯರೊಡನೆ ಪ್ರಮಾಣದ ಮಾತಾಡಿ. ಊಟ ಬದಲಾಗಿ ನಡಿಗೆಯೂ ಸೇರಿದರೆ ಸಕ್ಕರೆ ತೀರಾ ಕುಸಿಯಬಹುದು. ಅಂಥವರ ಜೊತೆ ಹೋಗುವಾಗ ಬೆಲ್ಲದ ಎರಡು ಅಚ್ಚು ನನ್ನ ಅಂಗಿಯ ಜೇಬಿನಲ್ಲಿರುತ್ತವೆ. ನೀವೂ ಜೇಬಿನಲ್ಲೇ ಇಟ್ಟುಕೊಳ್ಳಿ. ಕೈ ನಡುಗುವಾಗ ಚೀಲದ ತಳ ತಡಕಾಡಲು ಆಗುವುದಿಲ್ಲ.