ಗಿಗ್ ಪೋಸ್ಟರ್ ಮ್ಯಾಲೆ ಕಡೇ ಬಸ್ಸಿನ ಟೈಮ್ ಹಾಕ್ರಿ

ಬೆಳಗಾವಿಯಾಗ ಶೋ ಇಟ್ಕೊಳ್ಳೋ ಮೆಟಲ್ (ಭಾಳ ಜೋರಿನ ರಾಕ್ ಸಂಗೀತ) ಬ್ಯಾಂಡಿನವರು ಪೋಸ್ಟರ್ ಮ್ಯಾಲೆ ಗೋಕಾಕ, ಖಾನಾಪುರ, ನಿಪ್ಪಾಣಿ, ಧಾರವಾಡದ ಕಡೇ ಬಸ್ಸಿನ ಟೈಮ್ ಸೈತ ಹಾಕ್ರಿ, ಕಡೇ ಹಾಡು ಅವುಗಳಾಗ ಮೊದಲ ಬಿಡೂ ಬಸ್ಸಿಗಿಂತ ಒಂದ್ ತಾಸು ಮುಂಚೆ ಮುಗಸ್ರಿ. ನಮ್ಮ ಕಡೆ ಡಬಲ್ ಬಾಸ್ ಡ್ರಮ್ಮಿಗೆ ತಲಿ ಅಳ್ಳಾಡ್ಸೋ ಮಂದಿ ಒಂದ ಊರಾಗ ಗುಂಪಾಗಿ ಸಿಗೂದಿಲ್ಲ, ಊರಿಗೆ ಇಬ್ರು ಮೂವರು ಅಷ್ಟ. ವಾಪಸ್ ಹೋಗೂದು ಖಾತ್ರಿ ಇದ್ರ ಅವರು ಬರ್ತಾರ, ಮುಂದಿನ ಸಲ ಗೆಳ್ಯಾರನ್ನೂ ಎಳ್ಕೊಂಡ್ ಬರ್ತಾರ. ಬಯಲಾಗ ಶೋ ಇದ್ರ ಹೆಂಗೂ ರಾತ್ರಿ 10ಕ್ಕ ಸ್ಪೀಕರ್ ಬಂದ್ ಮಾಡಬೇಕು, 2000ದ ಶಬ್ದ ಮಾಲಿನ್ಯ ನಿಯಮ ಐತಿ. ಇನ್ನೊಂದು, ಹೊರಗಿನ ದೊಡ್ಡ ಬ್ಯಾಂಡ್ ಜೋಡಿ ಇದ್ರ ನೀವು ಅವರಿಗಿಂತ ಮೊದಲ ಬಾರಿಸ್ರಿ. ಕಡೇಕ ನಿಂತ್ರ ಮಂದಿ ಅವರನ್ನ ನೋಡಿ ಎದ್ದು ಹೋಗಿರ್ತಾರ, ಖಾಲಿ ಖುರ್ಚಿಗೆ ಗ್ರೌಲ್ ಮಾಡೂ, ಅಂದ್ರ ಗುರುಗುಟ್ಟಿ ಹಾಡೂ ಪರಿಸ್ಥಿತಿ (ಖುರ್ಚಿ ಯಾಕ ಇಡ್ತೀರಿ ಅನ್ನೂದು ಬ್ಯಾರೆ ಮಾತು). ಟೈಮ್ ಆ್ಯಪಿನಾಗ ನೋಡಿ ಹಾಕಬ್ಯಾಡ್ರಿ, ಬಸ್ ಸ್ಟ್ಯಾಂಡಿನ ವಿಚಾರಣಾ ಕೌಂಟರಿನಾಗ ಕೇಳ್ರಿ. ಗಣಪತಿ ವಿಸರ್ಜನಿ, ನವೆಂಬರ್ 1ರ ರಾಜ್ಯೋತ್ಸವ ಮೆರವಣಿಗಿ ದಿನ ಮಾತ್ರ ಇದು ನಡಿಯೂದಿಲ್ಲ. ರಸ್ತೆ ಬಂದ್ ಇರ್ತಾವು, ಬಸ್ ಯಾವಾಗ ಬಿಡ್ತಾವ ಅಂತ ಕಂಡಕ್ಟರಿಗೂ ಗೊತ್ತಿರೂದಿಲ್ಲ. ಆ ದಿನ ಶೋ ಇಡಬ್ಯಾಡ್ರಿ.