ತೊಗರಿ ಗೋದಾಮಿನಲ್ಲಿ 60 ಅಡಿ: ನನ್ನ ಬೌಲಿಂಗ್ ಅನುಭವ

ಟೆನ್‌ಪಿನ್ ಬೌಲಿಂಗ್ ಅಂದರೆ ಲೇನ್ ಎಂಬ ಉದ್ದನೆಯ ಹಲಗೆ ದಾರಿಯಲ್ಲಿ ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಆಟ. ಅದರಲ್ಲಿ ಒಂದೂ ಸ್ಟ್ರೈಕ್ (ಮೊದಲ ಎಸೆತಕ್ಕೇ ಹತ್ತೂ ಪಿನ್) ಹೊಡೆಯದೆ 190 ಅಂಕ ಮಾಡಬಹುದು. ಆಟದ ಹತ್ತು ಸರದಿಯಲ್ಲೂ ಮೊದಲ ಎಸೆತಕ್ಕೆ 9 ಪಿನ್ ಬೀಳಿಸಿ, ಉಳಿದ ಒಂದನ್ನು ಎರಡನೇ ಎಸೆತಕ್ಕೆ ಬೀಳಿಸುತ್ತಾ ಹೋದರೆ ಸಾಕು. ಆ ಒಂದು ಪಿನ್ ಪ್ರತಿ ಸಲ ತಪ್ಪಿದರೆ? ಬರೀ 90. ಎರಡು ಎಸೆತ ಸೇರಿ ಹತ್ತೂ ಬಿದ್ದರೆ ಅದು ಸ್ಪೇರ್. ಸ್ಪೇರ್ ಆದಾಗ ಹತ್ತರ ಜೊತೆಗೆ ಮುಂದಿನ ಒಂದು ಎಸೆತದ ಪಿನ್‌ಗಳೂ ಸೇರುತ್ತವೆ, ಸ್ಟ್ರೈಕ್ ಆದರೆ ಮುಂದಿನ ಎರಡು ಎಸೆತದ್ದು. ಹತ್ತು ಸರದಿ ಮತ್ತು ಕೊನೆಗೆ ಸಿಗುವ ಎರಡು ಹೆಚ್ಚುವರಿ ಎಸೆತ ಸೇರಿ ಸತತ 12 ಸ್ಟ್ರೈಕ್ ಹೊಡೆದರೆ 300. ಅದರ ಮೇಲೆ ಅಂಕವೇ ಇಲ್ಲ.

ಎಲ್ಲರಿಗೂ ಆ 300ರ ಮೇಲೆ ಕಣ್ಣು. ನನಗೆ ಮಾತ್ರ 90ಕ್ಕೂ 190ಕ್ಕೂ ನಡುವಿನ ಆ ನೂರು ಅಂಕ ಮುಖ್ಯ. ಅದಕ್ಕೆ ಬೇಕಾದ ಅಭ್ಯಾಸದಲ್ಲಿ ಮುಕ್ಕಾಲು ಪಾಲನ್ನು ಲೇನ್ ಇಲ್ಲದ ಕಡೆಯೂ ಮಾಡಬಹುದು. ನಾನು ಹಾಗೇ ಮಾಡಿದ್ದು.

ಕಲಬುರಗಿಯಲ್ಲಿ ನಮ್ಮದೊಂದು ದಾಲ್ ಮಿಲ್ ಇದೆ. ಬೌಲಿಂಗ್ ನನಗೆ ಬೆಂಗಳೂರಲ್ಲಿ ಓದುವಾಗ ಹತ್ತಿದ ಚಟ. ಚರ್ಚ್ ಸ್ಟ್ರೀಟ್‌ನ ಅಮೀಬಾ ಬೌಲಿಂಗ್ ಸೆಂಟರ್‌ನಲ್ಲಿ ಆಡೋರನ್ನು ನೋಡುತ್ತಾ ನಿಂತವನು ಹಾಗೇ ಒಳಗೆ ಸೇರಿಕೊಂಡೆ. ಓದು ಮುಗಿಸಿ ಊರಿಗೆ ಬಂದ ಮೇಲೆ ಕೈಯಲ್ಲಿ ಚೆಂಡು ಇತ್ತು, ಲೇನ್ ಇರಲಿಲ್ಲ. ಪಂದ್ಯದ ಅಳತೆಯ ಲೇನ್ ಬೇಕೆಂದರೆ ವಾಡಿ, ಸೇಡಂ, ತಾಂಡೂರು ದಾಟಿ ಹೈದರಾಬಾದ್‌ಗೆ ಹೋಗಬೇಕು. ಇಲ್ಲವಾದರೆ ರಾತ್ರಿಯಿಡೀ ರೈಲಲ್ಲಿ ಕೂತು ಬೆಂಗಳೂರಿಗೆ. ಹೀಗಿರುವಾಗ ಲೇನ್ ಮೇಲೆ ಸಿಗುವ ಒಂದೊಂದು ಗಂಟೆಯೂ ದುಬಾರಿ. ಮನೆಯಲ್ಲಿ ಕಲಿಯಬಹುದಾದದ್ದನ್ನು ಅಲ್ಲಿ ದುಡ್ಡು ಕೊಟ್ಟು ಯಾಕೆ ಕಲಿಯಬೇಕು ಅಂತ ಯೋಚನೆ ಬಂತು.

ಮೊದಲು ಗೋದಾಮು ಅಳೆದೆ. ಫೌಲ್ ಗೆರೆಯಿಂದ (ಎಸೆಯುವಾಗ ದಾಟಬಾರದ ಗೆರೆ) ಎಲ್ಲಕ್ಕಿಂತ ಮುಂದಿರುವ ಪಿನ್‌ಗೆ 60 ಅಡಿ. ಲೇನ್ ಅಗಲ ನಲವತ್ತೊಂದೂವರೆ ಇಂಚು, ಅದರಲ್ಲಿ 39 ಹಲಗೆ. ಅಂದರೆ ಒಂದು ಹಲಗೆ ಇಂಚಿಗಿಂತ ಚೂರು ಜಾಸ್ತಿ. ಗೆರೆಯ ಹಿಂದೆ ನಡೆದು ಬರೋಕೆ ಕನಿಷ್ಠ 15 ಅಡಿ ಜಾಗ ಬೇಕು. ನಮ್ಮ ಗೋದಾಮಿನ ಉದ್ದ ಇದಕ್ಕೆಲ್ಲ ಸಾಕಾಗಿ ಇನ್ನೂ ಮಿಗುತ್ತದೆ. ಆದರೆ ತೊಗರಿ ಸೀಸನ್‌ನಲ್ಲಿ ಅದರ ಆಸೆ ಬಿಡಬೇಕು. ಡಿಸೆಂಬರ್ ಕೊನೆಯಿಂದ ಮಾರ್ಚ್ ತನಕ ಮೂಟೆಗಳು ಛಾವಣಿ ಮುಟ್ಟುತ್ತವೆ. ಆಗ ಮನೆಯ ಪಡಸಾಲೆಯೇ ಗತಿ.

ಪಡಸಾಲೆಗೆ ಹಾಸಿರುವುದು ಪಾಲಿಶ್ ಮಾಡಿದ ಶಹಾಬಾದ್ ಕಲ್ಲು. ಎಡಗಾಲಿಗೆ ಸಾಕ್ಸ್ ಹಾಕಿಕೊಂಡರೆ ಸಲೀಸಾಗಿ ಜಾರುತ್ತದೆ. ಬಲಗೈ ಆಟಗಾರರಿಗೆ ಕೊನೆಯ ಹೆಜ್ಜೆ ಎಡಗಾಲಿನ ಜಾರು. ಹುಡುಗರು ಹೆಚ್ಚಾಗಿ ತಡವರಿಸುವುದು ಅಲ್ಲೇ. ಸೀಮೆಸುಣ್ಣದಲ್ಲಿ ಗೆರೆ ಎಳೆದು ನಾಲ್ಕು ಹೆಜ್ಜೆ ನಡೆಯುತ್ತೇನೆ, ಐದನೆಯದರಲ್ಲಿ ಜಾರಿ, ಗೆರೆಗೆ ಒಂದು ಗೇಣು ಉಳಿದಿರುವಾಗ ನಿಲ್ಲುತ್ತೇನೆ. ಕೈಯಲ್ಲಿ ಚೆಂಡು ಇರೋದಿಲ್ಲ, ಅಜ್ಜನ ಕಾಲದ ಕೆಂಡದ ಇಸ್ತ್ರಿ ಪೆಟ್ಟಿಗೆ ಇರುತ್ತದೆ. ಕೆಂಡ ಇಲ್ಲದೆ ರೀ, ಗಾಬರಿಯಾಗಬೇಡಿ. ಇಸ್ತ್ರಿ ಪೆಟ್ಟಿಗೆ ಯಾಕೆಂದರೆ ಅದರ ಮೂತಿ ಸುಳ್ಳು ಹೇಳುವುದಿಲ್ಲ. ತೋಳು ನೇರ ಹಿಂದೆ ಹೋಗಿ ನೇರ ಮುಂದೆ ಬಂದರೆ ಮೂತಿ ಮುಂದಕ್ಕೇ ಇರುತ್ತದೆ. ಭುಜ ಬಿಗಿಹಿಡಿದು ಎಳೆದರೆ ಮೂತಿ ಎಡಕ್ಕೋ ಬಲಕ್ಕೋ ತಿರುಗುತ್ತದೆ. ತೋಳು ತೂಗಬೇಕು, ಎಸೆಯಬಾರದು. ಮಿಲ್‌ನಲ್ಲಿ ದಿನಾ ಮೂಟೆ ಎತ್ತುವ ಹಮಾಲರೊಬ್ಬರು ಇದನ್ನು ನೋಡಿ, 'ಸಾವಕಾರ್ರ, ಅದರ ಭಾರ ಅದಕ್ಕ ಬಿಡ್ರಿ, ನೀವ್ಯಾಕ ಜೋರು ಹಚ್ತೀರಿ?' ಅಂದಿದ್ದರು. ಇದಕ್ಕಿಂತ ಚೆನ್ನಾಗಿ ಯಾವ ಕೋಚ್ ಹೇಳಿದ್ದೂ ನನಗೆ ನೆನಪಿಲ್ಲ.

ಗೋದಾಮು ಖಾಲಿಯಾದ ಮೇಲೆ ಗುರಿಯ ಕೆಲಸ. ಲೇನ್ ಮೇಲೆ ಏಳು ಬಾಣದ ಗುರುತು ಇರುತ್ತವೆ, ಫೌಲ್ ಗೆರೆಯಿಂದ ಸುಮಾರು 15 ಅಡಿ ದೂರದಲ್ಲಿ. ನೋಡಬೇಕಾದದ್ದು ಅವನ್ನು, ಪಿನ್‌ಗಳನ್ನಲ್ಲ. ಅಷ್ಟು ದೂರದಲ್ಲಿ ಸೀಮೆಸುಣ್ಣದಿಂದ ಎರಡು ಹಲಗೆ ಅಗಲದ ಗುರುತು ಹಾಕಿ ಹಳೆಯ ಪ್ಲಾಸ್ಟಿಕ್ ಚೆಂಡನ್ನು ಅದರ ಮೇಲೆ ಉರುಳಿಸುತ್ತೇನೆ. ಕೊನೆಯಲ್ಲಿ ತಡೆಯೋಕೆ ಖಾಲಿ ಗೋಣಿಚೀಲದ ರಾಶಿ. ಒಳ್ಳೆಯ ಚೆಂಡನ್ನು ಇಲ್ಲಿಗೆ ತರಬೇಡಿ, ಕಲ್ಲಿನ ಸಂದಿಗೆ ತಾಗಿ ಚಕ್ಕೆ ಏಳುತ್ತದೆ. ಚೆಂಡಿಗೆ ಸುತ್ತ ಒಂದು ಬಿಳಿ ಟೇಪ್ ಪಟ್ಟಿ ಅಂಟಿಸಿದರೆ ಕೈಬಿಟ್ಟ ರೀತಿ ಗೊತ್ತಾಗುತ್ತದೆ. ಪಟ್ಟಿ ಒಂದೇ ಗೆರೆಯಾಗಿ ಸುತ್ತಿದರೆ ಸರಿ. ತೊನೆದಾಡಿದರೆ ಹೆಬ್ಬೆರಳು ತಡವಾಗಿ ಹೊರಬಂದಿದೆ ಅಂತ ಅರ್ಥ.

ಸ್ಪೇರ್‌ಗೆ ನಾನು ನಂಬಿರುವುದು 3-6-9 ಲೆಕ್ಕ. ಪಿನ್‌ಗಳಿಗೆ ಮುಂದಿನ ಸಾಲಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ 1ರಿಂದ 10ರ ತನಕ ನಂಬರ್ ಇರುತ್ತದೆ. ಬಲಗೈ ಆಟಗಾರನಿಗೆ ಎಡಗಡೆ ಪಿನ್ ಉಳಿದರೆ, ನೋಡುವ ಬಾಣ ಬದಲಿಸದೆ ನಿಲ್ಲುವ ಜಾಗ ಮಾತ್ರ ಬಲಕ್ಕೆ ಸರಿಸುವುದು: 2ನೇ ಪಿನ್‌ಗೆ ಮೂರು ಹಲಗೆ, 4ಕ್ಕೆ ಆರು, ಮೂಲೆಯ 7ಕ್ಕೆ ಒಂಬತ್ತು. ಬಲ ಮೂಲೆಯ 10ನೇ ಪಿನ್ ಬೇರೆಯೇ ತಲೆನೋವು. ಅದಕ್ಕೆ ಎಡ ತುದಿಗೆ ಹೋಗಿ ನಿಂತು, ತಿರುಗದ ಪ್ಲಾಸ್ಟಿಕ್ ಚೆಂಡನ್ನು ಲೇನ್‌ಗೆ ಅಡ್ಡಲಾಗಿ ನೇರ ಕಳಿಸಬೇಕು. ಒಳ್ಳೆಯ ಎಸೆತಕ್ಕೂ ಅಲುಗಾಡದೆ ನಿಲ್ಲುವ ಪಿನ್ ಅದು. ಅದರ ಮೇಲೆ ಸಿಟ್ಟು ಮಾಡಿಕೊಂಡು ಆಟ ಕೆಡಿಸಿಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಗೋದಾಮಿನಲ್ಲಿ ಕಲಿಯೋಕಾಗದ್ದು ಒಂದೇ, ಎಣ್ಣೆ. ಲೇನ್ ಮೇಲೆ ಮಶೀನ್‌ನಿಂದ ಎಣ್ಣೆ ಹಚ್ಚಿರುತ್ತಾರೆ, ಸಾಮಾನ್ಯವಾಗಿ ಮೊದಲ 40 ಅಡಿಯ ಆಸುಪಾಸು. ಅದರ ಮುಂದೆ ಒಣಗಿದ ಜಾಗ. ಎಣ್ಣೆ ಮೇಲೆ ಚೆಂಡು ಜಾರುತ್ತದೆ, ಒಣ ಜಾಗಕ್ಕೆ ಬಂದ ಕೂಡಲೇ ಹಿಡಿತ ಸಿಕ್ಕಿ ತಿರುಗುತ್ತದೆ. ಸುಮ್ನೆ ಆಡೋಕೆ ಬರುವವರಿಗೆ ನಡುವೆ ಜಾಸ್ತಿ, ಅಂಚಿಗೆ ಕಡಿಮೆ ಹಚ್ಚಿರುತ್ತಾರೆ. ಚೆಂಡು ತಪ್ಪಿದರೂ ಅದೇ ಸರಿದಾರಿಗೆ ತಂದುಕೊಡುತ್ತದೆ. ದೊಡ್ಡ ಪಂದ್ಯಗಳಲ್ಲಿ ಅಗಲದುದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಅಲ್ಲಿ ಎರಡು ಹಲಗೆ ಆಚೀಚೆ ಆದರೆ ಮಾಫಿ ಇಲ್ಲ. ಮಾಲ್‌ನಲ್ಲಿ 200 ಹೊಡೆದವರು ಪಂದ್ಯದಲ್ಲಿ 150ಕ್ಕೆ ಒದ್ದಾಡುವುದು ಇದೇ ಕಾರಣಕ್ಕೆ.

ಇನ್ನೊಂದು ತೊಂದರೆ ಇದೆ. ಆಟ ನಡೀತಾ ಎಲ್ಲರ ಚೆಂಡೂ ಎಣ್ಣೆ ಒರೆಸಿಕೊಂಡು ಹೋಗುತ್ತದೆ. ಮೊದಲ ಗೇಮ್‌ನಲ್ಲಿ ಸರಿ ಇದ್ದ ದಾರಿ ಮೂರನೇ ಗೇಮ್‌ಗೆ ಇರೋದಿಲ್ಲ. ಚೆಂಡು ಬೇಗ ತಿರುಗಿ ಎಡಕ್ಕೆ ಹೋಗುತ್ತದೆ. ಎಡಕ್ಕೆ ತಪ್ಪಿದರೆ ನೀವೂ ಎಡಕ್ಕೇ ಸರಿಯಿರಿ, ಬಲಕ್ಕೆ ತಪ್ಪಿದರೆ ಬಲಕ್ಕೆ. ನಾನು ಹೈದರಾಬಾದ್‌ಗೆ ಹೋದಾಗ ಮಾಡುವುದು ಬರೀ ಈ ಕೆಲಸ. ಒಂದೇ ಲೇನ್ ಹಿಡಿದು ಕೂತು, ಅದು ಗೇಮ್‌ನಿಂದ ಗೇಮ್‌ಗೆ ಹೇಗೆ ಬದಲಾಗುತ್ತದೆ ಅಂತ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು. ಅಂಕದ ಕಡೆ ನೋಡುವುದೂ ಇಲ್ಲ. ವಾರದ ದಿನ ಬೆಳಿಗ್ಗೆ ಹೋದರೆ ರೇಟೂ ಕಡಿಮೆ, ಗಲಾಟೆಯೂ ಕಡಿಮೆ.

ಈ ಎಣ್ಣೆ ಚೆಂಡಿನೊಳಗೂ ಇಳಿಯುತ್ತದೆ. ಈಗಿನ ರಿಯಾಕ್ಟಿವ್ ರೆಸಿನ್ ಚೆಂಡಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಎಣ್ಣೆ ಕುಡಿದು ಕುಡಿದು ಕೊನೆಗೆ ಚೆಂಡು ತಿರುಗುವುದನ್ನೇ ಬಿಡುತ್ತದೆ. ಪೇಟೆಯಲ್ಲಾದರೆ ಇದನ್ನು ತೆಗೆಯೋಕೆ ಮಶೀನ್ ಇದೆ. ನನಗೆ ಮೇ ತಿಂಗಳಿದೆ. ಬೆರಳಿನ ತೂತುಗಳಿಗೆ ನೀರು ಹೋಗದಂತೆ ಟೇಪ್ ಸುತ್ತಿ, ಬಕೆಟ್‌ನಲ್ಲಿ ಚೆಂಡು ಇಟ್ಟು, ಮೇಲಿನ ಸಿಂಟೆಕ್ಸ್‌ನಿಂದ ಮಧ್ಯಾಹ್ನ ಎರಡಕ್ಕೆ ಬರುವ ನೀರು ಬಿಡುತ್ತೇನೆ. ಜೊತೆಗೆ ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ. ಗೀಜರ್ ಬೇಡವೇ ಬೇಡ. ಸ್ವಲ್ಪ ಹೊತ್ತಿಗೆ ನೀರಿನ ಮೇಲೆ ಹಳದಿ ಜಿಡ್ಡು ತೇಲುತ್ತದೆ. ನೀರು ತಣ್ಣಗಾದರೆ ಬದಲಿಸಿ ಇನ್ನೊಮ್ಮೆ. ಕುದಿಯುವ ನೀರು ಹಾಕಬಾರದು, ಬಿಸಿಲಲ್ಲೂ ಇಡಬಾರದು. ಕಲಬುರಗಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಂತೂ ಮರೆತೂ ಬಿಡಬೇಡಿ, ಬಿರುಕು ಬಿಡುತ್ತದೆ.

ಬಿಸಿಲಿಗೆ ಚೆಂಡಿಗಿಂತ ಜಾಸ್ತಿ ಬದಲಾಗುವುದು ನನ್ನ ಹೆಬ್ಬೆರಳು. ಇಲ್ಲಿಂದ ಹೊರಡುವಾಗ ಊದಿಕೊಂಡಿರುತ್ತದೆ, ಅಲ್ಲಿ ಎಸಿ ಹಾಲ್‌ನಲ್ಲಿ ಕೂತ ಮೇಲೆ ಸಣ್ಣಗಾಗುತ್ತದೆ. ತೂತು ಸಡಿಲವಾದರೆ ಚೆಂಡು ಜಾರದಿರಲಿ ಅಂತ ಬೆರಳು ತಾನಾಗಿಯೇ ಹಿಂಡುತ್ತದೆ, ಎಸೆತ ಹಾಳು. ಅದಕ್ಕೆ ತೂತಿನೊಳಗೆ ತೆಳು ಟೇಪ್ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿರುತ್ತೇನೆ. ಬೆರಳು ಊದಿದರೆ ಚಿಮಟದಿಂದ ಒಂದು ಪದರ ಕಿತ್ತು ತೆಗೆಯುವುದು, ಸಣ್ಣಗಾದರೆ ಒಂದು ಸೇರಿಸುವುದು. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆ ತರಹ ಎರಡು ಕೈಯಲ್ಲಿ ಆಡುವವರಿಗೆ ಈ ಗೋಳೇ ಇಲ್ಲ, ಅವರು ಹೆಬ್ಬೆರಳು ಹಾಕುವುದೇ ಇಲ್ಲ. ಈಗ ಹುಡುಗರೆಲ್ಲ ಅದನ್ನೇ ಕಲಿಯುತ್ತಿದ್ದಾರೆ. ಕಲಿಯಲಿ, ನನ್ನ ಸೊಂಟಕ್ಕೆ ಅದು ಆಗುವ ಮಾತಲ್ಲ.

ಇನ್ನು ದುಡ್ಡಿನ ಮಾತು. ಅಮೆರಿಕದಲ್ಲಿ ಆಟಗಾರರ ಸಂಘ ಪಿಬಿಎ ಶುರುವಾಗಿದ್ದು 1958ರಲ್ಲಿ. ಅಲ್ಲಿ ಇದನ್ನೇ ನಂಬಿ ಬದುಕಿದವರಿದ್ದಾರೆ. ನಮ್ಮಲ್ಲಿ ಹಾಗಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಆಟವಾಗಿ ಬಂದದ್ದು ಬಿಟ್ಟರೆ ಬೌಲಿಂಗ್ ಒಲಿಂಪಿಕ್ಸ್ ಮುಖ ನೋಡಿಲ್ಲ, ಹಾಗಾಗಿ ಸರ್ಕಾರದ ದುಡ್ಡೂ ಈ ಕಡೆ ಹರಿಯುವುದಿಲ್ಲ. ನಮ್ಮ ರಾಜ್ಯದ ಆಕಾಶ್ ಅಶೋಕ್ ಕುಮಾರ್, ತಮಿಳುನಾಡಿನ ಶಬ್ಬೀರ್ ಧನ್‌ಕೋಟ್, ದೆಹಲಿಯ ಧ್ರುವ್ ಸರ್ದಾ, ಇಂಥ ನ್ಯಾಷನಲ್ ಚಾಂಪಿಯನ್‌ಗಳ ಹೆಸರೇ ಎಷ್ಟು ಜನಕ್ಕೆ ಗೊತ್ತು ಹೇಳಿ. ನನಗೆ ಬಹುಮಾನದ ದುಡ್ಡು ಬಂದ ವರ್ಷ ಎಂಟ್ರಿ ಫೀ ಮತ್ತು ರೈಲು ಚಾರ್ಜ್ ಹುಟ್ಟಿದೆ, ಅಷ್ಟೇ. ಬಾರದ ವರ್ಷ ತೊಗರಿಬೇಳೆ ದುಡ್ಡೇ ನನ್ನನ್ನು ಆಡಿಸಿದೆ.

ಮೂರು ಚೆಂಡಿನ ಬ್ಯಾಗ್ ಅಂದರೆ 20 ಕಿಲೋ. ಒಂದೊಂದು ಚೆಂಡು 15 ಪೌಂಡ್, ನಿಯಮದ ಪ್ರಕಾರ 16ರ ಮೇಲೆ ಇರುವ ಹಾಗಿಲ್ಲ. ಸ್ಟೇಷನ್‌ನಲ್ಲಿ ಸ್ಕ್ಯಾನರ್ ಇದ್ದ ಕಡೆಯೆಲ್ಲ ಬ್ಯಾಗ್ ಬಿಚ್ಚಿಸುತ್ತಾರೆ. ಒಬ್ಬ ಪೊಲೀಸಪ್ಪ ಮೂರು ತೂತಿಗೂ ಬೆರಳು ಹಾಕಿ ನೋಡಿ, 'ಇದನ್ನ ಎಲ್ಲಿ ಒಗೀತೀರಿ?' ಅಂತ ಕೇಳಿದರು. ವಿವರಿಸುವಷ್ಟರಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಪ್ಲಾಟ್‌ಫಾರ್ಮ್‌ಗೆ ಬಂದಿತ್ತು.

ಈ ಕಡೆಯವರು ಯಾರಾದರೂ ಶುರು ಮಾಡಬೇಕೆಂದಿದ್ದರೆ ಮೊದಲು ಶೂ ತೆಗೆದುಕೊಳ್ಳಿ, ಆಮೇಲೆ ನಿಮ್ಮ ಬೆರಳಿನ ಅಳತೆಗೇ ತೂತು ಹಾಕಿಸಿದ ಒಂದು ಪ್ಲಾಸ್ಟಿಕ್ ಚೆಂಡು. ಬಣ್ಣ ನೋಡಿ ದುಬಾರಿ ಚೆಂಡು ಕೊಳ್ಳೋಕೆ ಅವಸರ ಬೇಡ, ಅದಕ್ಕೆ ಕಾಲ ಇದೆ. ಅಳತೆ ಕೊಡೋಕೆ ಹೋಗುವ ಹಿಂದಿನ ದಿನ ಕೈಗೆ ಭಾರದ ಕೆಲಸ ಕೊಡಬೇಡಿ. ಅಲ್ಲಿ ಹೋದ ಕೂಡಲೇ ಬೆರಳು ಚಾಚಬೇಡಿ, ಅರ್ಧ ಗಂಟೆ ಎಸಿಯಲ್ಲಿ ಕೂತು ಆಮೇಲೆ ಅಳೆಸಿ.