ಸಿಟ್ಟು ಬಂದ ಮಗುವಿನ ಕೈಗೆ ಮೊದಲು ಮಣ್ಣು ಕೊಡಿ

ಊಟದ ಬಿಡುವು ಮುಗಿಸಿ ಮಕ್ಕಳು ಒಳಗೆ ಬರುತ್ತಾರೆ, ಇಬ್ಬರು ಜಗಳ ಆಡುತ್ತಲೇ ಬಂದಿರುತ್ತಾರೆ, ಒಬ್ಬಳು ಮೂಲೆಯಲ್ಲಿ ಮುಖ ಊದಿಸಿಕೊಂಡಿರುತ್ತಾಳೆ, ನಾವು "ಸುಮ್ನೆ ಕೂಡ್ರಿ" ಅಂತ ಗದರಿಸಿ ಗಣಿತ ಶುರು ಮಾಡುತ್ತೇವೆ. ಮಗು ಕೂಡುತ್ತದೆ. ಸಿಟ್ಟು ಕೂಡುವುದಿಲ್ಲ. ಧಾರವಾಡದ ಹತ್ತಿರದ ಹಳ್ಳಿ ಶಾಲೆಯಲ್ಲಿ ಐದನೇ ತರಗತಿಗೆ ಪಾಠ ಮಾಡುವ ನಾನೂ ವರ್ಷಗಟ್ಟಲೆ ಹೀಗೇ ಮಾಡಿದೆ. ಈಗ ಮೊದಲು ಕೈಗೆ ಕೆಲಸ ಕೊಡುತ್ತೇನೆ, ಮಾತು ಆಮೇಲೆ.

ಶುರು ಮಾಡಲು ಎರಿ ಮಣ್ಣು, ಅಂದರೆ ಹೊಲದ ಕಪ್ಪು ಮಣ್ಣು, ಸಾಕು. ದುಡ್ಡು ಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರ ಪೂಜೆಗೆ ಗುಳ್ಳವ್ವನ ಮೂರ್ತಿ ಮಾಡಿ ನಮ್ಮ ಕಡೆ ಮಕ್ಕಳ ಕೈ ಮೊದಲೇ ಪಳಗಿರುತ್ತದೆ, ಹಾಗಾಗಿ "ನನಗೆ ಚಿತ್ರ ಬರಲ್ಲ" ಅನ್ನುವ ಮಗುವೂ ಮಣ್ಣು ಮುಟ್ಟಲು ಹಿಂಜರಿಯುವುದಿಲ್ಲ. ಹಿಂದಿನ ದಿನ ಕಲ್ಲು, ಕಸ ಜರಡಿ ಹಿಡಿದು ನೆನೆಹಾಕಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಎರಿ ಮಣ್ಣು ಒಣಗಿದಾಗ ಬಿರಿಯುತ್ತದೆ, ಸ್ವಲ್ಪ ಮರಳು ಬೆರೆಸಿದರೆ ಬಿರುಕು ಕಡಿಮೆ. ಒದ್ದೆ ಗೋಣಿಚೀಲ ಮುಚ್ಚಿಟ್ಟರೆ ಒಂದು ವಾರ ಬರುತ್ತದೆ. ಪ್ರತಿ ಮಗುವಿಗೂ ಕಿತ್ತಳೆ ಹಣ್ಣಿನಷ್ಟು ದೊಡ್ಡ ಉಂಡೆ ಕೊಡಿ, ಸಣ್ಣದು ಕೊಟ್ಟರೆ ಹಿಚುಕಿದ ಸಮಾಧಾನ ಸಿಗುವುದಿಲ್ಲ. ಹಿಚುಕಲಿ, ಗೋಣಿ ಮೇಲೆ ಬಡಿಯಲಿ, ಮಾಡಿದ್ದನ್ನು ಮುರಿದು ಮತ್ತೆ ಮುದ್ದೆ ಮಾಡಲಿ. ಇನ್ನೊಬ್ಬರ ಮೇಲೆ ಎಸೆಯುವಂತಿಲ್ಲ, ಅದೊಂದೇ ನಿಯಮ. ಹತ್ತು ನಿಮಿಷ ನೀವು ಬಾಯಿ ತೆರೆಯಬೇಡಿ.

ಇದೇ ಕಷ್ಟದ ಭಾಗ. ನಮಗೆ "ಚಂದ ಆಗಿದೆ" ಅನ್ನುವ ಚಾಳಿ ಇದೆ ಅಲ್ವಾ? ಒಮ್ಮೆ ಹಾಗಂದರೆ ಸಾಕು, ಮಗು ಮರುದಿನದಿಂದ ನಮಗಾಗಿ ಚಂದ ಮಾಡಲು ಹೊರಡುತ್ತದೆ, ತನ್ನ ಸಂಕಟ ಒಳಗೇ ಉಳಿಯುತ್ತದೆ. "ಇದರ ಬಗ್ಗೆ ಏನಾದರೂ ಹೇಳ್ತೀಯಾ?" ಅಂತ ಕೇಳಿ, ಹೇಳದಿದ್ದರೆ ಬಿಡಿ. ಅರ್ಥ ಹಚ್ಚಲು ಹೋಗಬೇಡಿ. ನನ್ನ ತರಗತಿಯ ಒಬ್ಬ ಹುಡುಗ ಕಾಲಿಲ್ಲದ ಎತ್ತು ಮಾಡಿದ್ದ. ಮಣ್ಣು ಸಾಲಲಿಲ್ಲವೇನೋ ಅಂದುಕೊಂಡು ಇನ್ನಷ್ಟು ಕೊಟ್ಟೆ. ಅವನು ಅದನ್ನೂ ಹೊಟ್ಟೆಗೇ ಮೆತ್ತಿದ. ಕೊನೆಗೆ ಕೇಳಿದಾಗ, "ಕಾಲಿದ್ದರೆ ಹೋಗಿಬಿಡ್ತದ್ರಿ" ಅಂದ. ಅವರಪ್ಪ ದುಡಿಯಲು ಗೋವಾಕ್ಕೆ ಹೋಗಿ ಆಗ ಎರಡು ತಿಂಗಳಾಗಿತ್ತು. ಎರಡು ತಿಂಗಳಿಂದ ಅವನು ಬೆಂಚಿನ ಪಕ್ಕದವನನ್ನು ದಿನಾ ಹೊಡೆಯುತ್ತಿದ್ದ, ನಾನು ದಿನಾ ಹೊರಗೆ ನಿಲ್ಲಿಸುತ್ತಿದ್ದೆ.

ಬೆಳಗ್ಗೆ ಹಾಜರಿ ಹಾಕುವಾಗ ಮೂರು ನಿಮಿಷದ ಇನ್ನೊಂದು ಕೆಲಸ ಇದೆ. ಇವತ್ತು ಒಳಗೆ ಹವಾ ಹೇಗಿದೆ ಅಂತ ಪಾಟಿ (ಸ್ಲೇಟು) ಮೇಲೆ ಬರೆಯಲಿ: ಬಿಸಿಲು, ಮೋಡ, ಗುಡುಗು, ನಮ್ಮ ಧಾರವಾಡದ ಜಿಟಿಜಿಟಿ ಮಳೆ. ಒರೆಸಿಬಿಡಬಹುದು ಅನ್ನುವ ಧೈರ್ಯಕ್ಕೆ ಮಕ್ಕಳು ನಿಜ ಬರೆಯುತ್ತಾರೆ. ಬಣ್ಣ ಕೊಟ್ಟರೆ ಕೆಂಪು ಅಂದ್ರೆ ಸಿಟ್ಟು ಅಂತ ನೀವೇ ಹೇಳಿಕೊಡಬೇಡಿ. ಒಬ್ಬಳಿಗೆ ಸಿಟ್ಟು ಬಿಳಿ ಬಣ್ಣ.

ಆರು, ಏಳನೇ ತರಗತಿಯವರಿಗೆ ಪರೀಕ್ಷೆಯ ದಿಗಿಲು ಜಾಸ್ತಿ, ಅವರಿಗೆ ನಾನು ಕಸೂತಿ ಹಿಡಿಸುತ್ತೇನೆ. ಸೂಜಿ ಬೇಕಿಲ್ಲ, ಚೌಕುಳಿ ಪುಸ್ತಕ ಸಾಕು. ಗವಂತಿ ಹೊಲಿಗೆಯಲ್ಲಿ ಒಂದು ಗೆರೆ ಹಾಕಿ ಒಂದು ಬಿಟ್ಟು ಮುಂದೆ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾರೆ, ಗಂಟು ಹಾಕುವುದಿಲ್ಲ. ಹಾಗೇ ಪೆನ್ಸಿಲ್‌ನಿಂದ ಎಣಿಸುತ್ತ ಗೋಪುರ, ತುಳಸಿಕಟ್ಟೆ ಬರೆಯಲಿ. ಎಣಿಕೆಯ ಹಿಂದೆಯೇ ಉಸಿರು ನಿಧಾನ ಆಗುವುದು ನಿಮಗೇ ಕಾಣಿಸುತ್ತದೆ. ತಪ್ಪಿದರೆ ಅಲ್ಲಿಗೇ ಹಿಂದೆ ಹೋಗಿ ಸರಿಮಾಡಿಕೊಳ್ಳಲಿ, ಹಾಳೆ ಹರಿಯುವುದು ಬೇಡ.

ಇದೆಲ್ಲ ಟೈಂಪಾಸ್ ಅನ್ನುವವರು ಸಿಗುತ್ತಾರೆ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 39 ಜನ 45 ನಿಮಿಷ ಮಣ್ಣು, ಬಣ್ಣ, ಕಾಗದದಲ್ಲಿ ಏನಾದರೂ ಮಾಡಿದರು, ಸುಮಾರು ಶೇ. 75 ಜನರಲ್ಲಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಇಳಿದಿತ್ತು. ಅವರೆಲ್ಲ ದೊಡ್ಡವರು, ಮಕ್ಕಳಲ್ಲ, ಅದನ್ನೂ ಸೇರಿಸಿಯೇ ಹೇಳಿ. ಆದರೆ ಮೊದಲು ಚಿತ್ರ ಬರೆದ ಅನುಭವ ಇತ್ತೋ ಇಲ್ಲವೋ ಅನ್ನುವುದರಿಂದ ವ್ಯತ್ಯಾಸ ಆಗಲಿಲ್ಲ, ನನಗೆ ಮುಖ್ಯ ಅನಿಸಿದ್ದು ಅದು.

ಒಂದು ಎಚ್ಚರಿಕೆ. ಹೊಡೆತ, ಗಾಯ, ಭಯದ ಚಿತ್ರ ಮತ್ತೆ ಮತ್ತೆ ಬಂದರೆ, ಅಥವಾ ಮಗು ಬಾಯಿಬಿಟ್ಟು ಏನಾದರೂ ಹೇಳಿದರೆ, ನಾವು ವೈದ್ಯರಾಗುವುದು ಬೇಡ. ಮಕ್ಕಳ ಸಹಾಯವಾಣಿ 1098 ಇದೆ, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416 ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಆ ಚಿತ್ರವನ್ನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿ ಮಾತಾಡಿಕೊಳ್ಳಬೇಡಿ. ಗೋಡೆಗೆ ಹಚ್ಚುವ ಮುಂಚೆಯೂ ಮಗುವನ್ನು ಕೇಳಿ. ಬೇಡ ಅಂದರೆ ಚಿತ್ರ ಅದರ ಚೀಲಕ್ಕೆ, ಮಣ್ಣು ಮತ್ತೆ ಬಕೆಟ್ಟಿಗೆ.